ರಾಗಿ ಹಿಟ್ಟಿನ ಚಂದ್ರ, ಹಾಕಬಾರದ ಫ್ಯಾನು

ನೀವು ಇದನ್ನು ನಂಬುವುದಿಲ್ಲ. ಕ್ಲಾಸಿನಲ್ಲಿ ಹೇಳಿದಾಗ ಪಕ್ಕದ ಬೆಂಚಿನವಳು ನನ್ನ ಹಣೆ ಮುಟ್ಟಿ ಜ್ವರ ಇದೆಯಾ ಎಂದು ನೋಡಿದಳು. ಆದರೂ ಹೇಳುತ್ತೇನೆ. ಕಳೆದ ಬೇಸಿಗೆಯಲ್ಲಿ, ಮುಳಬಾಗಿಲು ದಾಟಿ ನಂಗಲಿ ಕಡೆ ಹೋಗುವ ಹೈವೇ ಪಕ್ಕದ ನಮ್ಮ ಊರಲ್ಲಿ, ನಮ್ಮ ನಡುಮನೆಯ ಮೂಲೆಯಲ್ಲಿ ಚಂದ್ರ ಇದ್ದ. ರೇಷ್ಮೆ ಹುಳು ಸಾಕುವ ಹಳೆಯ ಬಿದಿರಿನ ತಟ್ಟೆಯೊಳಗೆ ರಾಗಿ ಹಿಟ್ಟಿನ ಮೈ ಹೊತ್ತು ಮಲಗಿದ್ದ. ಅವನಿಗೆ ಗಾಳಿ ತಾಗಬಾರದೆಂದು ನಾವು ಫ್ಯಾನು ಹಾಕದೆ ಬೆಂದೆವು. ಸೆಕೆ ಎಂಥದ್ದೆಂದರೆ, ಗೋಡೆಯ ಹಲ್ಲಿಗಳು ಇಳಿದು ಬಂದು ನೆಲದ ಕಲ್ಲಿಗೆ ಹೊಟ್ಟೆ ಹಚ್ಚಿ ಮಲಗುತ್ತಿದ್ದವು. ಪಕ್ಕದ ಮನೆಯ ಬೆಕ್ಕು ಹೊಸಿಲ ಒಳಗೆ ಒಂದು ಕಾಲಿಟ್ಟು, ನಮ್ಮನ್ನು ಕನಿಕರದಿಂದ ನೋಡಿ, ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುತ್ತಿತ್ತು. ಹಲ್ಲಿಯ ವಿಷಯ ಸ್ವಲ್ಪ ಹೆಚ್ಚಾಯಿತು, ಒಪ್ಪುತ್ತೇನೆ. ಬೆಕ್ಕಿನ ವಿಷಯ ನಿಜ. ಇದೂ ನಿಜ: ಆ ಚಂದ್ರನ ದೆಸೆಯಿಂದಲೇ ನಮ್ಮ ತಾತ ಮತ್ತೆ ಊಟ ಮಾಡಿದ.

ಮೊದಲಿನಿಂದ ಹೇಳುತ್ತೇನೆ. ಶಾಲೆಯ ವಿಜ್ಞಾನ ವಸ್ತುಪ್ರದರ್ಶನಕ್ಕೆ ಎಲ್ಲರೂ ಜ್ವಾಲಾಮುಖಿ ಮಾಡುತ್ತಾರೆ. ಮಾಲೂರಿನಿಂದ ಹೆಂಚಿನ ಮಣ್ಣು ತರಿಸಿ ಗುಡ್ಡ ಕಟ್ಟಿ, ನೆತ್ತಿಯಲ್ಲಿ ತೂತು ಕೊರೆದು, ಅಡುಗೆ ಸೋಡಾ ಸುರಿದು, ನಿಂಬೆಹಣ್ಣು ಹಿಂಡಿ, ಕುಂಕುಮ ಕಲೆಸಿದ ನೊರೆ ಉಕ್ಕಿಸಿ ಮೇಷ್ಟ್ರ ಪ್ಯಾಂಟು ಹಾಳು ಮಾಡಿ ಬಹುಮಾನ ಹೊಡೆಯುತ್ತಾರೆ. ನನಗೆ ಅದು ಸಾಲದು. ನನಗೆ ಚಂದ್ರನ ಜ್ವಾಲಾಮುಖಿಯೇ ಬೇಕು. ಅದೂ ಎಲ್ಲರಿಗೂ ಗೊತ್ತಿರುವಂಥದ್ದಲ್ಲ, ದೊಡ್ಡ ದೊಡ್ಡ ವಿಜ್ಞಾನಿಗಳು ಇವತ್ತಿಗೂ ತಲೆ ಕೆರೆದುಕೊಳ್ಳುವಂಥದ್ದು. ಅಪ್ಪನ ಹಳೆಯ ಫೋನಿನಲ್ಲಿ, ಅದರ ಒಡೆದ ಗಾಜಿನ ಬಿರುಕುಗಳ ನಡುವೆ, ನಾನು ಚಂದ್ರನ ಮೇಲೆಲ್ಲ ಓಡಾಡಿದೆ. ಎಷ್ಟೋ ಸಲ ಬಿರುಕನ್ನೇ ಕಣಿವೆ ಎಂದುಕೊಂಡು ಹೆಸರಿಟ್ಟಿದ್ದೂ ಇದೆ.

ನಾನು ಕಂಡುಕೊಂಡದ್ದನ್ನು ಮೊದಲು ಕೇಳಿದವಳು ಅಜ್ಜಿ. ಅವಳು ಕೇಳಿದಳು ಅಂದರೆ, ಒಲೆಯ ಮುಂದೆ ಮುದ್ದೆ ತಿರುವುತ್ತಿದ್ದಳು, ಎದ್ದು ಹೋಗುವಂತಿರಲಿಲ್ಲ. ನಾನು ಶುರು ಮಾಡಿದೆ. ಚಂದ್ರನ ಮೇಲೆ ಕಪ್ಪಗೆ ಕಾಣುತ್ತದಲ್ಲ, ಮೊಲ ಎನ್ನುತ್ತೇವಲ್ಲ, ಅದೆಲ್ಲ ಹಳೆಯ ಲಾವಾ. ತೆಳ್ಳಗಿನ ಲಾವಾ. ಅಂಬಲಿ ಚೆಲ್ಲಿದರೆ ತಗ್ಗು ಹುಡುಕಿಕೊಂಡು ಹೋಗಿ ಸಮವಾಗಿ ನಿಲ್ಲುತ್ತದಲ್ಲ, ಹಾಗೆ ಹರಿದು ನಿಂತು ಕಲ್ಲಾದದ್ದು. ಆದರೆ ಕೆಲವೇ ಕೆಲವು ಕಡೆ ಗುಮ್ಮಟದಂಥ ಬೆಟ್ಟಗಳಿವೆ. ಅಲ್ಲಿ ಬಂದ ಲಾವಾ ಅಂಬಲಿಯಲ್ಲ, ಮುದ್ದೆ. ಹರಿಯಲಾರದಷ್ಟು ಗಟ್ಟಿ, ಹುಟ್ಟಿದ ಜಾಗದಲ್ಲೇ ಉಬ್ಬಿ ಕೂತುಬಿಟ್ಟಿದೆ. ಅದರ ಕಲ್ಲು ನಮ್ಮ ಮುಳಬಾಗಿಲು ಬೆಟ್ಟದ ಕಲ್ಲಿಗೆ ದಾಯಾದಿ. ಭೂಮಿಯಲ್ಲಿ ಅಂಥ ಕಲ್ಲು ಹುಟ್ಟುವುದಕ್ಕೆ ನೆಲದಾಳದ ನೀರಿನ ಸಹಾಯ ಬೇಕು. ಚಂದ್ರನಲ್ಲಿ ಅಷ್ಟು ನೀರು ಎಲ್ಲಿದೆ? ಹಾಗಿದ್ದರೂ ಆ ಬೆಟ್ಟ ಹೇಗೆ ಬಂತು ಎಂಬುದು ಯಾರಿಗೂ ಸರಿಯಾಗಿ ಗೊತ್ತಿಲ್ಲ.

ಅಜ್ಜಿ ಪಾತ್ರೆಯನ್ನು ಎರಡು ಪಾದಗಳ ನಡುವೆ ಒತ್ತಿ ಹಿಡಿದು, ಕೋಲನ್ನು ಬಲವಾಗಿ ಒಂದು ಸುತ್ತು ತಿರುಗಿಸಿ ಹೇಳಿದಳು: “ಅದ್ರಲ್ಲೇನೈತೆ ಗೊತ್ತಾಗ್ದೇ ಇರೋದು? ಎಸರಿಗೆ ನೀರು ಕಮ್ಮಿ ಬಿದ್ದೈತೆ, ಅಷ್ಟೆ.”

ಆ ಪಾದಗಳ ಬಗ್ಗೆ ಒಂದು ಮಾತು. ಅಜ್ಜಿಯ ಕಾಲಿನ ಎರಡನೇ ಬೆರಳು ಹೆಬ್ಬೆರಳಿಗಿಂತ ಉದ್ದ. ಎಷ್ಟು ಉದ್ದ ಎಂದರೆ ಅವಳು ಬಾಗಿಲಿಗೆ ಬರುವ ಮೊದಲು ಬೆರಳು ಬಂದಿರುತ್ತಿತ್ತು. ಅಂಥ ಬೆರಳಿನವಳು ಗಂಡನನ್ನು ಆಳುತ್ತಾಳೆ ಎಂದು ಮದುವೆಯಲ್ಲಿ ಯಾರೋ ಹೇಳಿದ್ದರಂತೆ. ತಾತ ಅದನ್ನು ಒಪ್ಪುತ್ತಿರಲಿಲ್ಲ, ಆದರೆ ಒಪ್ಪುವುದಿಲ್ಲ ಎಂದು ಹೇಳುವ ಮೊದಲು ಅವಳ ಮುಖ ನೋಡುತ್ತಿದ್ದ.

ನಾನು ಮಾಡಬೇಕೆಂದಿದ್ದು ಗುಮ್ಮಟವನ್ನೂ ಅಲ್ಲ, ಅದಕ್ಕಿಂತ ವಿಚಿತ್ರವಾದದ್ದನ್ನು. ಚಂದ್ರನ ಹಳೆಯ ಲಾವಾ ಬಯಲುಗಳಲ್ಲಿ ಅಲ್ಲಲ್ಲಿ ಸಣ್ಣ ತೇಪೆಗಳಿವೆ. ತಗ್ಗಾದ, ಒರಟು ನೆಲ. ಅದರ ಮೇಲೆ ನುಣ್ಣಗಿನ ದಿಬ್ಬಗಳು, ಈಗ ತಾನೇ ಉಬ್ಬಿದ ಪೂರಿಯ ಹಾಗೆ. ಚಂದ್ರನ ಮೈಮೇಲೆ ಎಲ್ಲ ಕಡೆ ಕಲ್ಲು ಬಿದ್ದು ಬಿದ್ದು ಸಿಡುಬಿನ ಕಲೆಗಳಂಥ ಗುಳಿಗಳಿವೆ. ಈ ದಿಬ್ಬಗಳ ಮೇಲೆ ಮಾತ್ರ ಗುಳಿಗಳೇ ಕಡಿಮೆ. ಗುಳಿ ಕಡಿಮೆ ಎಂದರೆ ನೆಲಕ್ಕೆ ವಯಸ್ಸು ಕಡಿಮೆ ಎಂದು ಲೆಕ್ಕ. ಅದಕ್ಕೇ ಒಂದು ಗುಂಪು ಹೇಳುತ್ತದೆ: ಚಂದ್ರ ತಣ್ಣಗಾಗಿ ಎಷ್ಟೋ ಕಾಲವಾಯಿತು ಎಂದುಕೊಂಡಿದ್ದೆವು, ಇಲ್ಲ, ಒಳಗೆ ಇನ್ನೂ ಬೆಚ್ಚಗಿತ್ತು, ಮೊನ್ನೆ ಮೊನ್ನೆ ಎನ್ನುವ ಹಾಗೆ ಲಾವಾ ಬಂದಿದೆ. ಇನ್ನೊಂದು ಗುಂಪು ಹೇಳುತ್ತದೆ: ಅಯ್ಯೋ, ಅದೂ ಹಳೆಯದೇ. ಅಲ್ಲಿ ಬಂದದ್ದು ನೊರೆ ತುಂಬಿದ ಲಾವಾ. ನೊರೆ ಗಟ್ಟಿಯಾದ ಕಲ್ಲಿನ ಮೇಲೆ ಏನು ಬಿದ್ದರೂ ಅದು ಒಳಗೆ ಹೀರಿಕೊಳ್ಳುತ್ತದೆ, ಗುರುತು ಸರಿಯಾಗಿ ನಿಲ್ಲುವುದಿಲ್ಲ. ಗುರುತಿಲ್ಲ ಎಂದ ಮಾತ್ರಕ್ಕೆ ಏನೂ ಬಿದ್ದಿಲ್ಲ ಎಂದಲ್ಲ.

ಈ ಮಾತನ್ನು ನೆನಪಿಟ್ಟುಕೊಳ್ಳಿ.

ವಸ್ತುಪ್ರದರ್ಶನಕ್ಕೆ ನಾನು ಹೋಗಲಿಲ್ಲ. ಅಟ್ಟದಿಂದ ಹಳೆಯ ರೇಷ್ಮೆ ತಟ್ಟೆ ಇಳಿಸಿ ಸಗಣಿ ಸಾರಿಸಿ ಒಣಗಿಸಿಟ್ಟಿದ್ದೆ, ಅಷ್ಟರಲ್ಲಿ ಅಜ್ಜಿ ಒಂದು ಬೆಳಿಗ್ಗೆ ಹಸುವಿನ ಪಕ್ಕ ಕೂತವಳು ಏಳಲಿಲ್ಲ. ಕೋಲಾರದ ಆಸ್ಪತ್ರೆಗೆ ಸೇರಿಸಿದರು. ಅಪ್ಪ ಲಾರಿ ಡ್ರೈವರು. ಆಗ ಕೋಲಾರದ ಮಂಡಿಯಿಂದ ಟೊಮೆಟೊ ತುಂಬಿಕೊಂಡು ಉತ್ತರದ ಕಡೆ ಹೋಗಿದ್ದ. ಅಮ್ಮ ಮನೆಗೂ ಆಸ್ಪತ್ರೆಗೂ ಬಸ್ಸಿನಲ್ಲಿ ಓಡಾಡಿದಳು. ತಾತ ಮಾತ್ರ ಅಜ್ಜಿಯ ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತವನು ಏಳಲೇ ಇಲ್ಲ. ಗ್ಲೂಕೋಸ್ ಪೈಪಿನಲ್ಲಿ ಹನಿ ಬೀಳುವುದನ್ನು ನೋಡುತ್ತಾ ಕೂತಿರುತ್ತಿದ್ದ. ಆ ಪೈಪಿಗೆ ಒಂದು ಪುಟ್ಟ ಚಕ್ರ ಇರುತ್ತದೆ, ಹನಿ ಜೋರು ನಿಧಾನ ಮಾಡುವುದಕ್ಕೆ. ನರ್ಸು ಅದನ್ನು ತಿರುಗಿಸಿ ಹೋದ ಮೇಲೆ ಅವಳು ಸರಿಯಾಗಿ ತಿರುಗಿಸಿದಳೋ ಇಲ್ಲವೋ ಎಂದು ಬಗ್ಗಿ ಬಗ್ಗಿ ನೋಡುತ್ತಿದ್ದ.

ಒಂದು ಮಧ್ಯಾಹ್ನ ಅಜ್ಜಿ ಸ್ವಲ್ಪ ಕಣ್ಣು ಬಿಟ್ಟಳು. ತಾತನಿಗೆ ಜೀವ ಬಂದ ಹಾಗಾಯಿತು. ಕೆಳಗೆ ಹೋಗಿ ಒಂದು ಟೀ ಕುಡಿದು ಬಂದ. ಬರುವಷ್ಟರಲ್ಲಿ ಪಕ್ಕದ ಮಂಚದ ರೋಗಿಯ ಮಗಳು, ಯಾರೋ ಗುರುತಿಲ್ಲದವಳು, ಅಜ್ಜಿಯ ಕೈ ಹಿಡಿದುಕೊಂಡು ನಿಂತಿದ್ದಳು. ಮುಗಿದಿತ್ತು.

ಅವತ್ತಿನಿಂದ ತಾತ ಟೀ ಮುಟ್ಟಲಿಲ್ಲ. ನಮ್ಮ ತಾತನ ಟೀ ಎಂದರೆ ಸಾಮಾನ್ಯವೇ? ಊರಿನ ಟೀ ಅಂಗಡಿಯವನು ತಾತನ ಕೆಮ್ಮು ಕೇಳಿ ಹಾಲು ಒಲೆಗಿಡುತ್ತಿದ್ದ. ಅಂಥವನು ಲೋಟ ಕಂಡರೆ ಮುಖ ತಿರುಗಿಸತೊಡಗಿದ.

ಅಪ್ಪ ಬರುವಷ್ಟರಲ್ಲಿ ಮಣ್ಣು ಮಾಡಿಯಾಗಿತ್ತು. ಬಂದ, ತಲೆ ಬೋಳಿಸಿಕೊಂಡ, ಹೇಳಿದ ಕಡೆ ಕೂತ, ಏಳು ಎಂದಾಗ ಎದ್ದ. ಅಳಲಿಲ್ಲ. ತಿಥಿಯ ಹಿಂದಿನ ಸಂಜೆ ನಮ್ಮ ಕಡೆ ಒಂದು ಪದ್ಧತಿ ಇದೆ. ಸತ್ತವರು ಮಲಗುತ್ತಿದ್ದ ಜಾಗದಲ್ಲಿ ಅವರಿಗೆ ಇಷ್ಟವಾದದ್ದನ್ನೆಲ್ಲ ಎಡೆ ಇಟ್ಟು, ಅದರ ಮುಂದೆ ನೆಲದ ಮೇಲೆ ಹಿಟ್ಟು ಹರಡಿ, ಬಾಗಿಲು ಹಾಕಿಕೊಂಡು ಎಲ್ಲರೂ ಹೊರಗೆ ಕೂರುತ್ತಾರೆ. ಆಮೇಲೆ ತೆಗೆದು ನೋಡಿದರೆ ಹಿಟ್ಟಿನ ಮೇಲೆ ಏನಾದರೂ ಗುರುತು ಇರುತ್ತದೆ. ಗುಬ್ಬಿ ಕಾಲು, ಹಸುವಿನ ಗೊರಸು, ಕೆಲವು ಸಲ ಮಗುವಿನ ಪಾದ. ಸತ್ತವರು ಬಂದು ಉಂಡು ಹೋದರು, ಮುಂದೆ ಇಂಥದ್ದಾಗಿ ಹುಟ್ಟುತ್ತಾರೆ ಎಂದು ಅರ್ಥ. ಶ್ರೀನಿವಾಸಪುರದ ರಾಯಲ್ಪಾಡಿನಿಂದ ಬಂದಿದ್ದ ಅತ್ತೆ, ಅಂದರೆ ಅಪ್ಪನ ತಂಗಿ, ತನ್ನ ತಾಯಿಯ ಪಾದಕ್ಕೆ ಒಂದು ಹೊಟ್ಟಿನ ಚೂರೂ ಚುಚ್ಚಬಾರದೆಂದು ರಾಗಿ ಹಿಟ್ಟನ್ನು ಜರಡಿಯಲ್ಲಿ ಹಿಡಿದು, ಸಾಲದೆ ತನ್ನ ಹಳೆಯ ಮೆತ್ತನೆಯ ಸೀರೆಯಲ್ಲಿ ಮತ್ತೆ ಮತ್ತೆ ಸೋಸಿದಳು. ಮೋಡವನ್ನು ಮೊರದಲ್ಲಿ ತಂದ ಹಾಗಿತ್ತು ಅದು. ಅದನ್ನು ಬೆರಳೂ ತಾಗಿಸದೆ ಹಾಗೆಯೇ ಉದುರಿಸಿದಳು.

ಬಾಗಿಲು ತೆಗೆದಾಗ ಹಿಟ್ಟು ಉದುರಿಸಿದ ಹಾಗೆಯೇ ಇತ್ತು. ಒಂದು ಗೀರು ಇಲ್ಲ. ಹಿಂದಿನ ಬೀದಿಯ ಮುದುಕಿಯೊಬ್ಬಳು, ಇಂಥ ಗುರುತು ಓದುವುದರಲ್ಲಿ ಹೆಸರಾದವಳು, ಬಗ್ಗಿ ನೋಡಿ, ಏನೋ ಮುನಿಸಿರಬೇಕು ಎಂದಳು. ಅತ್ತೆ ತೆಲುಗಿನಲ್ಲಿ ಅಳತೊಡಗಿದಳು, “ಅಮ್ಮ ರಾಲೇದು, ಅಮ್ಮ ರಾಲೇದು” ಎಂದು. ಅಮ್ಮ ಬರಲಿಲ್ಲ ಎಂದು. ಮುನಿಸು ಯಾರ ಮೇಲೆ ಎಂದು ತಾತನಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಮರುದಿನ ತಿಥಿ ಮುಗಿಯಿತು. ಅಪ್ಪ ಲೋಡು ಕಾಯುತ್ತಿದೆ ಎಂದು ಹೊರಟ. ತಾತ ಊಟ ಬಿಟ್ಟ.

ಪೂರ್ತಿ ಬಿಟ್ಟ ಎಂದರೆ ಸುಳ್ಳಾಗುತ್ತದೆ. ಅಮ್ಮ ಎದುರಿಗೆ ಕೂತರೆ ಒಂದು ತುತ್ತು ಮುರಿದು ಸಾರಿನಲ್ಲಿ ಅದ್ದಿ ತಟ್ಟೆಯ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಸುತ್ತಿದ್ದ. ಅವನ ಪಾಲಿನ ಮುದ್ದೆ ತಿಂದು ತಿಂದು ನಮ್ಮ ಹಸು ಪೈಲ್ವಾನನ ಹಾಗಾಯಿತು. ತಾತ ದಿನದಿನಕ್ಕೆ ಅಂಗಿಯೊಳಗೆ ಚಿಕ್ಕವನಾದ. ಅಪ್ಪ ಫೋನು ಮಾಡಿದರೆ ಅಮ್ಮ ಎಲ್ಲ ಸರಿಯಾಗಿದೆ ಎನ್ನುತ್ತಿದ್ದಳು. ಸ್ಟೇರಿಂಗ್ ಹಿಡಿದಿರುವವನ ಕಿವಿಗೆ ಇದನ್ನು ಹಾಕಬೇಡ ಎಂದು ನನಗೂ ಹೇಳಿದ್ದಳು.

ನಾನು ತಾತನಿಗೆ ಚಂದ್ರನ ಕಥೆ ಹೇಳಿದ್ದು ಅವನನ್ನು ಉಳಿಸುವುದಕ್ಕೆ ಎಂದು ಹೇಳಿಕೊಂಡರೆ ಕೇಳುವುದಕ್ಕೆ ಚೆನ್ನಾಗಿರುತ್ತದೆ. ನಿಜ ಏನೆಂದರೆ ಕೇಳುವವರು ಬೇರೆ ಯಾರೂ ಇರಲಿಲ್ಲ. ಒಲೆಯ ಮುಂದೆ ಕೂತು ಕೇಳುತ್ತಿದ್ದವಳು ಹೋಗಿದ್ದಳು. ತಾತ ಜಗಲಿಯ ಮೇಲೆ ಕಂಬಕ್ಕೆ ಒರಗಿ ಕೂತಿದ್ದ, ಅವನೂ ಎದ್ದು ಹೋಗುವ ಸ್ಥಿತಿಯಲ್ಲಿರಲಿಲ್ಲ. ಅಂಬಲಿ, ಮುದ್ದೆ, ಗುಮ್ಮಟ ಎಲ್ಲ ಹೇಳಿದೆ. ದಿಬ್ಬಗಳಿಗೆ ಬಂದೆ, ಎರಡು ಗುಂಪಿನ ಜಗಳಕ್ಕೆ ಬಂದೆ. ನೊರೆ ಕಲ್ಲಿನ ಮೇಲೆ ಗುರುತು ನಿಲ್ಲುವುದಿಲ್ಲ ಎಂದು ಹೇಳುತ್ತಿದ್ದವಳು ಅರ್ಧಕ್ಕೆ ನಿಂತೆ. ಅತ್ತೆಯ ಸೀರೆ ಕಣ್ಣ ಮುಂದೆ ಬಂತು.

ಒಳಗೆ ಓಡಿ ಎರಡು ತಟ್ಟೆ ತಂದೆ. ಒಂದರಲ್ಲಿ ನನ್ನ ವೇಲಿನಲ್ಲಿ ಸೋಸಿದ ಹಿಟ್ಟು, ಉದುರಿಸಿ ಹಾಗೇ ಬಿಟ್ಟದ್ದು. ಇನ್ನೊಂದರಲ್ಲಿ ಸಾದಾ ಹಿಟ್ಟು, ಲೋಟದ ತಳದಿಂದ ಒತ್ತಿದ್ದು. ತಾತನ ಕೈಗೆ ಹುಣಸೆ ಬೀಜ ಕೊಟ್ಟು ಹಾಕು ಎಂದೆ. ಒತ್ತಿದ ಹಿಟ್ಟಿನಲ್ಲಿ ಬೀಜ ಬಿದ್ದ ಕಡೆ ಸುತ್ತ ಅಂಚು ಕಟ್ಟಿದ ಗುಳಿ, ಚಂದ್ರನ ಫೋಟೋ ತೆಗೆದ ಹಾಗೆ. ಸೋಸಿದ ಹಿಟ್ಟಿನಲ್ಲಿ ಬೀಜ ಮುಳುಗಿತು, ಸುತ್ತಲಿನ ಹಿಟ್ಟು ಸದ್ದಿಲ್ಲದೆ ಜಾರಿ ಮೇಲೆ ಮುಚ್ಚಿಕೊಂಡಿತು. ನಾನು ತಟ್ಟೆಯನ್ನು ಸ್ವಲ್ಪ ಅಲ್ಲಾಡಿಸಿದೆ. ಬೀಜ ಬಿದ್ದಿತ್ತು ಎಂದು ದೇವರಾಣೆ ಮಾಡಿದರೂ ಯಾರೂ ನಂಬುವ ಹಾಗಿರಲಿಲ್ಲ.

ತಾತ ಆ ತಟ್ಟೆಗೆ ಬೆರಳು ಹಾಕಿ ಬೀಜವನ್ನು ಹುಡುಕಿ ತೆಗೆದ. ಊದಿ ಹಿಟ್ಟು ಹಾರಿಸಿ ಮತ್ತೆ ಹಾಕಿದ. ಮತ್ತೆ ಮುಚ್ಚಿಕೊಂಡಿತು.

“ಹಂಗಾದ್ರೆ ಅವ್ಳು ಬಂದಿರ್ಬೋದು,” ಎಂದ.

“ಬಂದಿರ್ಬೋದು ತಾತ. ಹಿಟ್ಟು ಹೇಳಿಲ್ಲ ಅಷ್ಟೆ.”

“ಬಂದಿಲ್ದೇನೂ ಇರ್ಬೋದು.”

ಅದು ವಿಜ್ಞಾನಿಗಳಿಗೂ ಗೊತ್ತಿಲ್ಲ, ಚಂದ್ರನಲ್ಲಿಗೆ ಹೋಗಿ ಆ ಕಲ್ಲು ತಂದು ನೋಡಬೇಕಂತೆ ಎಂದೆ. ತಾತ ತಲೆಯಾಡಿಸಿದ. ಅವತ್ತು ರಾತ್ರಿ ಅರ್ಧ ಮುದ್ದೆ ತಿಂದ. ಅಮ್ಮ ಅಡುಗೆಮನೆಗೆ ಹೋಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನಮ್ಮ ಹಸು ಮಾತ್ರ ಬೇಜಾರು ಮಾಡಿಕೊಂಡಿತು.

ಮರುದಿನ ತಾತನೇ ನನ್ನ ರೇಷ್ಮೆ ತಟ್ಟೆಯನ್ನು ಮಂಚದ ಕೆಳಗಿನಿಂದ ಎಳೆದ. ಇನ್ನೊಂದು ಸಲ ನೋಡೋಣ, ಈ ಸಲ ಸರಿಯಾದ ಹಿಟ್ಟಿನಲ್ಲಿ ಎಂದ. ಇದು ಯಾವ ಪದ್ಧತಿಯಲ್ಲೂ ಇಲ್ಲ. ಸತ್ತವರಿಗೆ ಎರಡನೇ ಪರೀಕ್ಷೆ ಇಡುವುದನ್ನು ನಾನು ಎಲ್ಲೂ ಕೇಳಿಲ್ಲ. ಆದರೆ ತಾತ ಜೀವಮಾನವೆಲ್ಲ ಅಜ್ಜಿಯ ಜೊತೆ ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳು ಸಾಕಿದವನು. ತಟ್ಟೆಯೊಂದನ್ನು ಕಾಯುವುದು ಹೇಗೆಂದು ಅವನಿಗೆ ಗೊತ್ತಿತ್ತು. ಅಜ್ಜಿಯ ಮಂಚವಿದ್ದ ಮೂಲೆಯಲ್ಲಿ ಕಬ್ಬಿಣದ ಸ್ಟ್ಯಾಂಡು ಇಟ್ಟ. ಅದರ ಮೇಲೆ ತಟ್ಟೆ ಇಟ್ಟು, ಸಾದಾ ರಾಗಿ ಹಿಟ್ಟು ಹರಡಿ ಲೋಟದ ತಳದಿಂದ ಒತ್ತಿದ, ಅದೇ ನಮ್ಮ ಚಂದ್ರ. ಇರುವೆ ಹತ್ತದ ಹಾಗೆ ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲುಗಳಲ್ಲಿ ನಿಲ್ಲಿಸಿದ. ಮೇಲೆ ಹಲ್ಲಿ ಬೀಳದ ಹಾಗೆ ಸೊಳ್ಳೆ ಪರದೆ ಕಟ್ಟಿದ. ಹುಳದ ಮನೆಯ ಕಾನೂನೆಲ್ಲ ವಾಪಸು ಬಂತು: ಒಳಗೆ ಒಗ್ಗರಣೆ ಘಾಟು ಬರಬಾರದು, ಜೋರಾಗಿ ಮಾತಾಡಬಾರದು, ಹೊರಗಿನಿಂದ ಬಂದವರು ಕಾಲು ತೊಳೆಯದೆ ಹೊಸಿಲು ದಾಟಬಾರದು. ಫ್ಯಾನಂತೂ ಹಾಕಲೇಬಾರದು. ಅಮ್ಮ ಮರೆತು ಹಾಕಿಬಿಡುತ್ತೇನೆಂದು ಹೆದರಿ, ಹಣೆಯ ಸ್ಟಿಕ್ಕರ್ ಬೊಟ್ಟು ಕಿತ್ತು ಸ್ವಿಚ್ಚಿಗೆ ಅಂಟಿಸಿದಳು. ಸ್ವಿಚ್ಚು ಮುತ್ತೈದೆಯ ಹಾಗೆ ಕಾಣುತ್ತಿತ್ತು.

ತಾತ ಪ್ರತಿದಿನ ಬೆಳಿಗ್ಗೆ ಎದ್ದ ತಕ್ಷಣ ಪರದೆ ಸರಿಸಿ ನೋಡುತ್ತಿದ್ದ. ನೋಡಿ, ಮುಚ್ಚಿ, ನನ್ನನ್ನು ಕೂರಿಸಿಕೊಂಡು ಚಂದ್ರನ ಸಮಾಚಾರ ಕೇಳುತ್ತಿದ್ದ. ಆ ದಿಬ್ಬಗಳ ಒಳಗೆ ಇನ್ನೂ ಬೆಚ್ಚಗಿದೆಯಾ ಎಂದು ಕೇಳುತ್ತಿದ್ದ. ಒಂದು ಗುಂಪು ಇತ್ತು ಎನ್ನುತ್ತದೆ, ಒಂದು ಗುಂಪು ಇಲ್ಲ ಎನ್ನುತ್ತದೆ ಎಂದರೆ, ಇತ್ತು ಎನ್ನುವವರಲ್ಲಿ ಎಷ್ಟು ಜನ ಇದ್ದಾರೆ ಎಂದು ಕೇಳುತ್ತಿದ್ದ, ಪಂಚಾಯಿತಿ ಎಲೆಕ್ಷನ್ನಿನ ಹಾಗೆ. ನಾನು ಅವರ ಕಡೆಗೆ ಸ್ವಲ್ಪ ಜನ ಸೇರಿಸಿ ಹೇಳುತ್ತಿದ್ದೆ. ಊಟ ನಡೆಯುತ್ತಿತ್ತು. ಟೀ ಮಾತ್ರ ಇಲ್ಲ.

ಆದರೆ ಹಿಟ್ಟು ಹಾಗೆಯೇ ಇತ್ತು. ತಾತ ಎಲ್ಲವನ್ನೂ ಹೊರಗಿಟ್ಟು ಅವಳೊಬ್ಬಳಿಗೆ ಮಾತ್ರ ಬಾಗಿಲು ತೆರೆದಿದ್ದ. ಒಂದು ಇರುವೆಯ ಗೆರೆಯೂ ಬೀಳುವಂತಿರಲಿಲ್ಲ. ಹಿಟ್ಟು ಒತ್ತಿದ್ದು, ಗುರುತು ನಿಲ್ಲುವಂಥದ್ದು. ಈಗ ಹಿಟ್ಟನ್ನು ದೂರುವ ಹಾಗಿರಲಿಲ್ಲ. ದಿನ ಕಳೆದ ಹಾಗೆ ತಾತ ಪರದೆಯನ್ನು ನಿಧಾನವಾಗಿ ಸರಿಸತೊಡಗಿದ. ತಟ್ಟೆಯಲ್ಲಿ ಮುದ್ದೆ ಮತ್ತೆ ಉಳಿಯತೊಡಗಿತು. ಹಸು ಮತ್ತೆ ಬಾಲ ಅಲ್ಲಾಡಿಸಿತು. ಈ ಸಲ ನನಗೆ ನಗು ಬರಲಿಲ್ಲ.

ಎರಡು ಬೆಂಕಿಕಡ್ಡಿಯಲ್ಲಿ ಗುಬ್ಬಿ ಕಾಲು ಒತ್ತುವುದು ನನಗೆ ಅರ್ಧ ನಿಮಿಷದ ಕೆಲಸ. ಯೋಚಿಸಿದೆ. ಆದರೆ ತಾತ ಅದನ್ನು ನಂಬಿ, ಆಮೇಲೆ ಬರುವ ಪ್ರತಿಯೊಂದು ಗುಬ್ಬಿಯನ್ನೂ ನೋಡುತ್ತಾ ಕೂರುತ್ತಾನಲ್ಲ, ಅದನ್ನು ನೋಡುವುದು ನನ್ನಿಂದಾಗುತ್ತಿರಲಿಲ್ಲ. ಗುಬ್ಬಿ ಬೇಡ, ದಿಬ್ಬ ಮಾಡೋಣ ಎಂದುಕೊಂಡೆ. ದಿಬ್ಬ ಸುಳ್ಳು ಹೇಳುವುದಿಲ್ಲ, ಏನೋ ಒಳಗಿದೆ ಎನ್ನುತ್ತ ಸುಮ್ಮನಿರುತ್ತದೆ. ಆಸ್ಪತ್ರೆಯಿಂದ ತಂದ ಪ್ಲಾಸ್ಟಿಕ್ ಕವರಿನಲ್ಲಿ ಅಜ್ಜಿಯ ಬಾಚಣಿಗೆ, ಲೋಟದ ಜೊತೆ ಪ್ಯಾಕೆಟ್ಟು ಒಡೆಯದ ಒಂದು ಗ್ಲೂಕೋಸ್ ಪೈಪೂ ಇತ್ತು. ಡಾಕ್ಟರು ಬರೆದುಕೊಟ್ಟಿದ್ದರು, ಅಮ್ಮ ತಂದಿದ್ದಳು, ಬೇಕಾಗಲಿಲ್ಲ. ತಾತ ತೋಟದ ಕಡೆ ಹೋದಾಗ ಆ ಪೈಪಿನ ತುದಿಗೆ ಒಂದು ಬಲೂನು ಕಟ್ಟಿ, ಹಿಟ್ಟಿನೊಳಗೆ ಹೂತು, ಮೇಲೆ ನುಣ್ಣಗೆ ಒತ್ತಿದೆ. ಬಲೂನು ಗುಲಾಬಿ ಬಣ್ಣದ್ದು, ಗೆಳತಿಯೊಬ್ಬಳ ಹುಟ್ಟುಹಬ್ಬದಲ್ಲಿ ಸಿಕ್ಕಿದ್ದು. ಇದ್ದದ್ದು ಅದೊಂದೇ.

ಪೈಪಿನ ಇನ್ನೊಂದು ತುದಿಯನ್ನು ಬಾಯಿಗಿಟ್ಟುಕೊಂಡಿದ್ದೆ, ತಾತ ಹಿಂದೆ ನಿಂತಿದ್ದ. ಹುಳದ ಮನೆಯಲ್ಲಿ ಬೆಳೆದ ಕಾಲು, ಸದ್ದು ಎಲ್ಲಿ ಮಾಡುತ್ತದೆ.

ಬೈಯುತ್ತಾನೆ ಎಂದುಕೊಂಡೆ. ಅವನು ನೋಡುತ್ತಿದ್ದದ್ದು ನನ್ನನ್ನಲ್ಲ, ಪೈಪಿನ ಚಕ್ರವನ್ನು. ನನ್ನ ಪಕ್ಕ ಕೂತು, ಅದನ್ನು ಕೈಗೆ ತೆಗೆದುಕೊಂಡು, ಹೆಬ್ಬೆರಳಿನಿಂದ ಸ್ವಲ್ಪ ಆ ಕಡೆ ಸ್ವಲ್ಪ ಈ ಕಡೆ ತಿರುಗಿಸಿದ.

“ಇದನ್ನ ಊದಿದ್ರೆ ಏನಾಗ್ತೈತೆ?” ಎಂದ.

ಬಲೂನು ಇದೆ, ಹಿಟ್ಟು ಉಬ್ಬುತ್ತದೆ ಎಂದು ಇದ್ದದ್ದನ್ನು ಹೇಳಿಬಿಟ್ಟೆ. ಚಂದ್ರನ ಮೇಲೆ ಗುಮ್ಮಟ ಎದ್ದದ್ದೂ ಹೀಗೇ, ಒಳಗಿನಿಂದ ನೂಕಿ ಎಂದೆ. ಅಂಥ ಹೊತ್ತಿನಲ್ಲೂ ನನಗೆ ಪಾಠ ಹೇಳುವ ಚಟ. ತಾತ ಪೈಪನ್ನು ತನ್ನ ಬಾಯಿಗಿಟ್ಟುಕೊಂಡ.

ಅವನ ಎದೆಯಲ್ಲಿ ಉಸಿರು ಎಷ್ಟಿತ್ತೋ, ಕೆಮ್ಮಿ ಕೆಮ್ಮಿ ಊದಿದ. ಮೊದಲು ಹಿಟ್ಟಿನ ಮೇಲೆ ಕೂದಲೆಳೆಯಂಥ ಬಿರುಕು ಬಂತು. ಆಮೇಲೆ ನೆಲ ನಿಧಾನವಾಗಿ ಎದ್ದಿತು, ಮಲಗಿದವರು ದೀರ್ಘವಾಗಿ ಉಸಿರೆಳೆದುಕೊಂಡಾಗ ಹೊದಿಕೆ ಏಳುತ್ತದಲ್ಲ, ಹಾಗೆ. ತಾತ ಚಕ್ರವನ್ನು ತಿರುಗಿಸಿ ಮುಚ್ಚಿದ. ದಿಬ್ಬ ಹಾಗೆಯೇ ನಿಂತಿತು. ಅದು ತನ್ನದೇ ಉಸಿರು ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಕೈ ಮುಂದೆ ಮಾಡಿ, ಮುಟ್ಟದೆ, ದಿಬ್ಬದ ಮೇಲೆ ಅಂಗೈ ಹಿಡಿದ, ಬೆಚ್ಚಗಿದೆಯಾ ಎಂದು ನೋಡುವ ಹಾಗೆ.

“ನಾನು ಟೀ ಕುಡಿಯಕ್ಕೆ ಹೋಗ್ಬಾರ್ದಾಗಿತ್ತು ಕಣಮ್ಮ,” ಎಂದ. ಅದನ್ನು ಅವನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ನನಗೆ ಹೇಳಿದನೋ ದಿಬ್ಬಕ್ಕೆ ಹೇಳಿದನೋ ಗೊತ್ತಿಲ್ಲ.

ಆಗಲೇ ಅಪ್ಪ ಬಂದ.

ಕೋಲಾರದಲ್ಲಿ ಲಾರಿ ಬಿಟ್ಟು ಬಸ್ಸಿನಲ್ಲಿ ಬಂದಿದ್ದ. ಬರುತ್ತೇನೆಂದು ಫೋನು ಮಾಡಿರಲಿಲ್ಲ. ಹಿತ್ತಲ ತೊಟ್ಟಿಯಲ್ಲಿ ನೀರು ಸುರಿದುಕೊಂಡ ಸದ್ದು ಕೇಳಿಸಿತು, ಹುಳದ ಮನೆಯ ಮಗ ಎಷ್ಟು ವರ್ಷವಾದರೂ ಕಾಲು ತೊಳೆಯದೆ ಒಳಗೆ ಬರುವುದಿಲ್ಲ. ಒದ್ದೆ ಕಾಲಲ್ಲಿ ಹೊಸಿಲು ದಾಟಿದ, ಅಂಗಿಯ ಗುಂಡಿ ಬಿಚ್ಚುತ್ತಾ ಎಡಗೈ ಚಾಚಿದ. ಆ ಕೈ ನಮ್ಮ ಮನೆಗೆ ಬಂದಾಗಲೆಲ್ಲ ಮಾಡುವ ಮೊದಲ ಕೆಲಸ ಅದೇ. ಅಮ್ಮನ ಬೊಟ್ಟು ಅವನ ಬೆರಳ ಕೆಳಗೆ ಮುಚ್ಚಿಹೋಯಿತು.

ನಮ್ಮ ಫ್ಯಾನು ಹಳೆಯದು, ಎದ್ದು ಮೈಮುರಿದು ತಿರುಗತೊಡಗುವುದಕ್ಕೆ ಸಮಯ ಬೇಕು. ಕೂಗುವುದಕ್ಕೆ ಬೇಕಾದಷ್ಟು ಹೊತ್ತು ಇತ್ತು. ಮಾತಿನಲ್ಲಿ ಯಾವತ್ತೂ ಸೋಲದ ನನ್ನ ಬಾಯಿ ಅವತ್ತು ತೆರೆಯಲಿಲ್ಲ. ತಾತ ಪರದೆಯನ್ನು ಎಳೆಯಹೋದ, ಅದು ಸಿಕ್ಕಿಕೊಂಡಿತು. ಮೊದಲು ದಿಬ್ಬದ ನೆತ್ತಿ ಹೋಯಿತು. ಆಮೇಲೆ ಬಯಲು. ಆಮೇಲೆ ಇಡೀ ಚಂದ್ರ ಒಂದೇ ಸಲಕ್ಕೆ ಎದ್ದು ನಡುಮನೆಯಲ್ಲಿ ತಿರುಗಿದ. ತಾತನ ಹುಬ್ಬಿನ ಮೇಲೆ, ಅಜ್ಜಿಯ ಫೋಟೋದ ಹಾರದ ಮೇಲೆ, ನನ್ನ ಬಾಯೊಳಗೆ. ತಟ್ಟೆಯ ನಡುವೆ ಒಂದು ಗುಲಾಬಿ ಬಲೂನು ಮಾತ್ರ ಉಳಿಯಿತು.

ಅಪ್ಪ ಕೆಮ್ಮುತ್ತಾ ಫ್ಯಾನು ಆರಿಸಿದ. “ಏನೇ ಇದು, ಮನೇನೋ ಹಿಟ್ಟಿನ ಮಿಲ್ಲೋ?” ಎಂದು ನನ್ನನ್ನು ಕೇಳಿ, ನಗುವುದಕ್ಕೆ ಹೋಗಿ, ತಾತನ ಕೈಯಲ್ಲಿದ್ದ ಪೈಪನ್ನು ನೋಡಿದ. ಆಸ್ಪತ್ರೆಯ ಆ ದಿನಗಳಲ್ಲಿ ಅವನು ಇರಲಿಲ್ಲ. ಆದರೂ ಅದು ಏನೆಂದು ಗೊತ್ತಾಯಿತು. ನಾಲ್ಕು ಹೆಜ್ಜೆ ಬಂದು ತಾತನ ಎದುರಿಗೆ ನೆಲದ ಮೇಲೆ ಕೂತ. ನಾನು ಸ್ವಲ್ಪ ಹೇಳಿದೆ. ನಾನು ಹೇಳಿದ್ದು ಯಾರಿಗಾದರೂ ಅರ್ಥವಾಗುವ ಹಾಗಿತ್ತೋ ಇಲ್ಲವೋ. ಅಪ್ಪ ಪೈಪನ್ನು ತಾತನ ಬೆರಳುಗಳಿಂದ ಒಂದೊಂದಾಗಿ ಬಿಡಿಸಿ ತೆಗೆದುಕೊಂಡು, ಅದರ ಚಕ್ರವನ್ನು ತಿರುಗಿಸಿದ. ಬಲೂನು ಸಣ್ಣಗಾಯಿತು. ಗಾಳಿ ಅವನ ಮುಖಕ್ಕೆ ಬಂತು. ಅದು ಪೂರ್ತಿ ಖಾಲಿಯಾಗುವವರೆಗೆ ಅವನು ಮುಖ ತಿರುಗಿಸಲಿಲ್ಲ. ಆಮೇಲೆ ಅತ್ತ, ತಲೆ ಬೋಳಿಸಿಕೊಂಡ ದಿನ ಅಳದೆ ಇಟ್ಟುಕೊಂಡಿದ್ದನ್ನೆಲ್ಲ.

ತಾತ ಅವನನ್ನು ನೋಡುತ್ತಿರಲಿಲ್ಲ. ಬಾಗಿಲಿನಿಂದ ಇಲ್ಲಿಯವರೆಗೆ ಹಿಟ್ಟು ಬಿದ್ದ ನೆಲದ ಮೇಲೆ ಅಪ್ಪನ ಒದ್ದೆ ಪಾದಗಳು ಮೂಡಿದ್ದವು. ಸ್ಪಷ್ಟವಾಗಿ, ಅಂಚು ಕಟ್ಟಿಕೊಂಡು. ಎರಡನೇ ಬೆರಳು ಹೆಬ್ಬೆರಳಿಗಿಂತ ಉದ್ದ.

“ನಿಂಗೆ ಅವ್ಳ ಕಾಲು ಬಂದೈತೆ,” ಎಂದ ತಾತ. “ಇಷ್ಟು ವರ್ಷ ನಾನು ನೋಡೇ ಇರ್ಲಿಲ್ಲ ಕಣೋ.”

ಅಮ್ಮ ಪೊರಕೆ ಹಿಡಿದು ಬಂದವಳು ಬಾಗಿಲಲ್ಲೇ ನಿಂತಳು. ಅಪ್ಪ ಮೂಗು ಒರೆಸಿಕೊಂಡು, ತಾತ ಟೀ ಬಿಟ್ಟದ್ದು ಗೊತ್ತಿಲ್ಲದವನು, ದೂರದಿಂದ ಬಂದಾಗ ಯಾವಾಗಲೂ ಕೇಳುವ ಹಾಗೆ ಅವಳನ್ನು ಕೇಳಿದ, ಇಬ್ಬರಿಗೂ ಟೀ ಮಾಡು ಎಂದು. ಅಮ್ಮ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ. ಅವಳು ಹೋಗಿ ಮಾಡಿ ತಂದು ಇಬ್ಬರ ನಡುವೆ ನೆಲದ ಮೇಲೆ ಎರಡು ಲೋಟ ಇಟ್ಟಳು. ಮೇಲೆ ಗಾಳಿಯಲ್ಲಿ ಇನ್ನೂ ತೇಲುತ್ತಿದ್ದ ಹಿಟ್ಟು ಟೀಯ ಮೇಲೆ ಸಣ್ಣಗೆ ಬೀಳುತ್ತಿತ್ತು.

ತಾತ ತನ್ನ ಲೋಟವನ್ನು ಎತ್ತಿಕೊಂಡು, ಮೇಲಿನ ಹಿಟ್ಟನ್ನು ಊದಿ ಒಂದು ಕಡೆಗೆ ಸರಿಸಿ, ಕುಡಿದ.